ಚೀಲ ಬಿಚ್ಚಿದ ಮೇಲೆ ಸತ್ತ ಮೀನು

ದಿಂಬಂನ ಓದುಗರೊಬ್ಬರು ಕೇಳಿದ್ದಾರೆ: ‘ಈರೋಡಿನಿಂದ ಎರಡು ಆಸ್ಕರ್ ಮೀನು ತಂದೆ. ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆಯಿದ್ದುದರಿಂದ ಕೆಳಗೇ ಉಳಿದು, ಬೆಳಿಗ್ಗೆ ಬಣ್ಣಾರಿ ದಾಟಿ 27 ತಿರುವು ಹತ್ತಿ ಬಂದೆ. ಅಲ್ಲಿಯವರೆಗೂ ಚೀಲದಲ್ಲಿ ಚೆನ್ನಾಗಿಯೇ ಇದ್ದವು. ಮನೆಯಲ್ಲಿ ಚೀಲ ಬಿಚ್ಚಿ, ಟ್ಯಾಂಕಿನ ನೀರನ್ನು ಲೋಟ ಲೋಟವಾಗಿ ಬೆರೆಸುತ್ತಾ ಒಂದು ಗಂಟೆ ಹೊಂದಿಸಿ ಆಮೇಲೆ ಬಿಟ್ಟೆ. ಸಂಜೆಯೊಳಗೆ ಎರಡೂ ಸತ್ತವು. ಚಳಿಗೆ ಸತ್ತವೇ? ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತಾನು ತಗೊಂಡಿತು ಅಂತಾರೆ ನೆಂಟರು.’

ನೆಂಟರ ಮಾತಿಗೆ ಆಮೇಲೆ ಬರುತ್ತೇನೆ. ಚಳಿಯ ಮೇಲೂ ನನಗೆ ಅಷ್ಟು ಅನುಮಾನವಿಲ್ಲ. ಗುಮಾನಿಯಿರುವುದು ಚೀಲ ಬಿಚ್ಚಿದ ಮೇಲಿನ ಆ ಒಂದು ಗಂಟೆಯ ಮೇಲೆ.

ಆಸ್ಕರ್ ಅಮೆಜಾನ್ ಸೀಮೆಯದು. ಅದರ ಕುಲ ಸಿಕ್ಲಿಡ್. ಈ ಕುಲ ನಮಗೆ ಅಪರಿಚಿತವೇನಲ್ಲ. ಸಂತೆಯಲ್ಲಿ ಮಾರುವ ಜಿಲೇಬಿ ಮೀನು, ಅಂದರೆ 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ಸಿಕ್ಲಿಡ್ಡೇ. ಕೇರಳದವರ ಕರಿಮೀನೂ ಅದೇ. ಕರ್ನಾಟಕಕ್ಕೆ ಸ್ವಂತದ್ದೊಂದು ಸಿಕ್ಲಿಡ್ ಇದೆ ಎಂದರೆ ಮಾತ್ರ ಹಲವರು ನಂಬುವುದಿಲ್ಲ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಕಡೆಯ ಸಿಹಿನೀರಿನಲ್ಲಿರುವ ಅದನ್ನು ಫ್ರಾನ್ಸಿಸ್ ಡೇ 1877ರಲ್ಲಿ ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂದು ಕರೆದ. ಕೆನರಾ ಹೆಸರು ಹೊತ್ತ ಈ ಮೀನು ಅಂಗೈಯಷ್ಟೇ ಬೆಳೆಯುತ್ತದೆ. ಅಮೆಜಾನಿನ ನೆಂಟ ಹಾಗಲ್ಲ. ಅಂಗಡಿಯಲ್ಲಿ ಎರಡು ಬೆರಳಗಲ ಇದ್ದದ್ದು ಒಂದಡಿಗೆ ಬಂದು ನಿಲ್ಲುತ್ತದೆ. ಸಿಕ್ಲಿಡ್‌ಗಳಿಗೆ ಬಾಯಿಯ ದವಡೆ ಸಾಲದೆಂದು ಗಂಟಲಲ್ಲಿ ಇನ್ನೊಂದು ಜೊತೆ ದವಡೆಯಿದೆ. ಮುಂದಿನದು ಹಿಡಿಯುತ್ತದೆ, ಹಿಂದಿನದು ಅರೆಯುತ್ತದೆ. ಇಂಥ ಹೊಟ್ಟೆಬಾಕ ತಿಂದ ಪ್ರೋಟೀನಿನಲ್ಲಿರುವ ಸಾರಜನಕ ಎಲ್ಲಿಗಾದರೂ ಹೋಗಬೇಕಲ್ಲ?

ಮೀನು ಅದರ ಬಹುಪಾಲನ್ನು ಅಮೋನಿಯಾ ಮಾಡಿ ಕಿವಿರಿನಿಂದಲೇ ಹೊರಹಾಕುತ್ತದೆ. ಉಸಿರಾಡುವ ಜಾಗವೂ ಅದೇ, ಮೂತ್ರದ ಕೆಲಸ ಮಾಡುವ ಜಾಗವೂ ಅದೇ! ನೀರಿಗೆ ಬಿದ್ದ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ವಿದ್ಯುದಂಶವಿಲ್ಲದ ಅಮೋನಿಯಾ. ಅದು ಕಿವಿರಿನ ಪೊರೆಯನ್ನು ಸಲೀಸಾಗಿ ತೂರಿ ಮತ್ತೆ ಮೈಗೆ ಸೇರುತ್ತದೆ, ಕೊಲ್ಲುತ್ತದೆ. ಇನ್ನೊಂದು ವಿದ್ಯುದಂಶ ಹೊತ್ತ ಅಮೋನಿಯಂ. ಅದು ಒರೆಯೊಳಗಿನ ಕತ್ತಿ. ಯಾವುದು ಎಷ್ಟಿರಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ನೀರಿನ ಪಿಎಚ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದರೆ ಸಾವಿರ ಕಣಗಳಲ್ಲಿ ಸುಮಾರು 6 ಮಾತ್ರ ವಿಷದ ವೇಷದಲ್ಲಿರುತ್ತವೆ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು 54.

ಈಗ ಚೀಲದೊಳಗೆ ನೋಡೋಣ. ಬಾಯಿ ಕಟ್ಟಿದ ಚೀಲದಲ್ಲಿ ಮೀನು ಗಂಟೆಗಟ್ಟಲೆ ಉಸಿರಾಡುತ್ತದೆ. ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ನೀರು ಹುಳಿಯಾಗುತ್ತದೆ, ಪಿಎಚ್ 7ಕ್ಕಿಂತ ಕೆಳಗಿಳಿಯುತ್ತದೆ. ಅತ್ತ ಅಮೋನಿಯಾ ಕೂಡುತ್ತಲೇ ಹೋದರೂ ಬಹುಪಾಲು ಅಮೋನಿಯಂ ಆಗಿಯೇ ಉಳಿಯುತ್ತದೆ. ತನ್ನ ಒಂದು ಕಸ ಇನ್ನೊಂದು ಕಸದ ವಿಷವನ್ನು ಕಟ್ಟಿಹಾಕಿ ಮೀನನ್ನು ಘಾಟಿ ಹತ್ತಿಸುತ್ತದೆ. ಇಂಥ ರಕ್ಷಣೆಯನ್ನು ಯಾರೂ ಯೋಜಿಸಿದ್ದಲ್ಲ!

ಚೀಲ ಬಿಚ್ಚಿದಿರಿ. ಡೈಆಕ್ಸೈಡ್ ಹಾರಿಹೋಯಿತು. ಮೇಲಿಂದ ಕೊಳವೆಬಾವಿಯ ಗಡಸು ನೀರು ಲೋಟ ಲೋಟವಾಗಿ ಬಿತ್ತು. ಅದರ ಪಿಎಚ್ 8ರ ಆಸುಪಾಸು ಇರುವುದು ಸಾಮಾನ್ಯ. ರಾತ್ರಿಯಿಡೀ ಕೂಡಿಬಿದ್ದ ಅಮೋನಿಯಂ ವೇಷ ಬದಲಿಸತೊಡಗಿತು. ಅದೇ ನೀರಲ್ಲಿ ಮೀನನ್ನು ಒಂದು ಗಂಟೆ ‘ಹೊಂದಿಸಿದಿರಿ’. ಅಕ್ಕರೆಯಿಂದಲೇ ಮಾಡಿದ್ದು, ಆದರೆ ದೂರದ ಪಯಣದ ಮೀನಿಗೆ ಆ ಅಕ್ಕರೆ ಬೇಡ. ಚೀಲವನ್ನು ಕಟ್ಟಿದಂತೆಯೇ ಟ್ಯಾಂಕಿನಲ್ಲಿ ಕಾಲು ಗಂಟೆ ತೇಲಿಬಿಡಿ, ಬಿಸಿ ಹೊಂದಲಿ. ಆಮೇಲೆ ಬಿಚ್ಚಿದ ತಕ್ಷಣ ಬಲೆಯಲ್ಲಿ ಮೀನನ್ನೆತ್ತಿ ಟ್ಯಾಂಕಿಗೆ ಬಿಡಿ. ಚೀಲದ ನೀರು ಚರಂಡಿಗೆ ಹೋಗಲಿ. ಹೊರಡುವ ಹಿಂದಿನ ದಿನ ಮೀನಿಗೆ ತಿನ್ನಲು ಕೊಡಬೇಡಿ ಎಂದು ಅಂಗಡಿಯವರಿಗೆ ಹೇಳಿರಿ.

ಇನ್ನು ಕಂಟಕದ ಮಾತು. ಈ ನಂಬಿಕೆಗೆ ಹೆಚ್ಚು ಸಿಕ್ಕಿಬಿದ್ದಿರುವುದು ಆಸ್ಕರಿನ ಬಂಧು ಫ್ಲವರ್‌ಹಾರ್ನ್. ಅದಕ್ಕೆ ತನ್ನದೆನ್ನುವ ಹೊಳೆಯೇ ಇಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ಹುಟ್ಟಿಸಿದ ತಳಿ. ಹಣೆಯ ಬುಗುಟನ್ನು ಐಶ್ವರ್ಯವೆಂದು, ಮೈಮೇಲಿನ ಕಪ್ಪು ಗುರುತನ್ನು ಅದೃಷ್ಟದ ಚೀನೀ ಅಕ್ಷರವೆಂದು ಓದಿದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ವಾಸ್ತುವೂ ಅಂಟಿಕೊಂಡಿತು. ಯಾವ ಮೂಲೆಯಲ್ಲಿ ಟ್ಯಾಂಕ್ ಇಡಬೇಕೆಂದು ಅರ್ಧ ಗಂಟೆ ಚರ್ಚಿಸಿ, ಎಷ್ಟು ಲೀಟರಿನದೆಂದು ಒಮ್ಮೆಯೂ ಕೇಳದೆ ಹೋಗುವ ಗಿರಾಕಿಗಳನ್ನು ನೋಡಿದ್ದೇನೆ. ಈ ಲೆಕ್ಕದಲ್ಲಿ ಮೀನು ಬದುಕಿದರೂ ಅದೃಷ್ಟ, ಸತ್ತರೂ ಅದೃಷ್ಟ. ನಷ್ಟ ಮೀನಿಗೆ ಮಾತ್ರ. ಕಂಟಕ ಕಳೆಯಿತೆಂದು ನಿಟ್ಟುಸಿರು ಬಿಟ್ಟವರು ನೀರನ್ನು ಪರೀಕ್ಷಿಸುವುದಿಲ್ಲ. ಮುಂದಿನ ಮೀನೂ ಅದೇ ನೀರಿಗೆ ಬೀಳುತ್ತದೆ.

ಸತ್ತ ಮೀನಿನ ಟ್ಯಾಂಕನ್ನು ಬಟ್ಟೆ ಸೋಪು ಹಾಕಿ ತಿಕ್ಕುವವರು ಇನ್ನೂ ಕೆಡಿಸುತ್ತಾರೆ. ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಕಡಿಮೆ ವಿಷದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದೆ ಚಿಟಿಕೆ ಮೀನಾಹಾರ ಹಾಕುತ್ತಾ ಫಿಲ್ಟರ್ ಓಡಿಸಿ. ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆಯದೆ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿದರೆ ಸಾಕು.

ಅಳತೆಯ ವಿಷಯದಲ್ಲಿ ಚೌಕಾಸಿ ಬೇಡ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸುಮಾರು 255 ಲೀಟರ್ ಹಿಡಿಯುತ್ತದೆ. ಒಂದು ಆಸ್ಕರಿಗೆ ಅಷ್ಟಾದರೂ ಇರಲಿ, ಎರಡಕ್ಕೆ ಇನ್ನೂ ದೊಡ್ಡದು. ನೀರೊಂದೇ 255 ಕಿಲೋ ತೂಗುವುದರಿಂದ ಮೇಜಿನ ಮೇಲೆ ಇಡುವ ಸಾಹಸ ಬೇಡ. ದಿಂಬಂನ ಮಾರ್ಗಶಿರದ ರಾತ್ರಿಗೆ 200ರಿಂದ 300 ವಾಟಿನ ಹೀಟರ್ ಖಂಡಿತ ಬೇಕು, ನೀರು 24ರಿಂದ 28 ಡಿಗ್ರಿಯೊಳಗೆ ನಿಲ್ಲಲಿ. ಕರೆಂಟ್ ಹೋದಾಗ ಬ್ಯಾಟರಿಯ ಗಾಳಿಪಂಪ್ ಹಾಕಿ. ಉಸಿರು ಬೇಕಿರುವುದು ಸ್ಪಂಜಿನ ಬ್ಯಾಕ್ಟೀರಿಯಾಗಳಿಗೂ ಹೌದು.

ಬೆಳೆದ ಮೇಲೆ ಸಾಕಲಾಗಲಿಲ್ಲವೆಂದು ಕೆರೆಗೋ ಮಾಯಾರ್ ಹೊಳೆಗೋ ಬಿಡುವ ಯೋಚನೆಯಿದ್ದರೆ ಈಗಲೇ ಕೊಳ್ಳಬೇಡಿ. ಬೇಟೆಯಾಡಿ ತಿನ್ನುವ ಪರದೇಶದ ಮೀನಿಗೆ ಊರ ಸಣ್ಣ ಮೀನುಗಳು ಎರಡೂ ಜೊತೆ ದವಡೆಗೆ ಸುಲಭದ ತುತ್ತು. ಸಾಕುವುದೇ ಖಚಿತವಾದರೆ ಮೊದಲು ಟ್ಯಾಂಕ್, ಫಿಲ್ಟರ್, ಅಮೋನಿಯಾ-ನೈಟ್ರೈಟ್ ಪರೀಕ್ಷೆಯ ಕಿಟ್ ತನ್ನಿ. ಕಿಟ್ ಅಮೋನಿಯಾ, ನೈಟ್ರೈಟ್ ಎರಡನ್ನೂ ಸೊನ್ನೆ ತೋರಿಸಿದ ವಾರ ಮೀನಿಗೆ ಹೋಗಿ, ಬೆಳಿಗ್ಗೆ ಹೊರಟು ಘಾಟಿ ಮುಚ್ಚುವುದರೊಳಗೆ ಮನೆ ಸೇರಿ.