ಉದ್ದಿಮೆಗಳಿಗೆ ಬ್ರಾಡ್‌ಬ್ಯಾಂಡ್ ಸಂಪರ್ಕ ಮತ್ತು ಯೋಜನೆಯ ಆಯ್ಕೆ: ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಸಾಮಾನ್ಯವಾಗಿ ರೂ. 50,000ಕ್ಕಿಂತ ಹೆಚ್ಚು ಮೌಲ್ಯದ ಸರಕನ್ನು ಸಾಗಿಸಲು ಇ-ವೇ ಬಿಲ್ ಅಗತ್ಯವಿರುತ್ತದೆ. ವಾರ್ಷಿಕ ಒಟ್ಟು ವಹಿವಾಟು ರೂ. 5 ಕೋಟಿ ಮೀರಿದ ಉದ್ದಿಮೆಗಳು ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳನ್ನು ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ದಾಖಲಿಸುವುದು 1ನೇ ಆಗಸ್ಟ್ 2023ರಿಂದ ಕಡ್ಡಾಯವಾಗಿದೆ. ಇವೆರಡೂ ಅಂತರ್ಜಾಲದ ಮೂಲಕವೇ ನಡೆಯುವ ಕಾರ್ಯಗಳು. ಆದ್ದರಿಂದ ಪೀಣ್ಯದ ಒಂದು ಯಂತ್ರಭಾಗ ತಯಾರಿಕಾ ಘಟಕದಲ್ಲಿ ಸಂಜೆ ನಾಲ್ಕು ಗಂಟೆಗೆ ಅಂತರ್ಜಾಲ ಸಂಪರ್ಕ ಕಡಿತಗೊಂಡಲ್ಲಿ, ಸರಕು ತುಂಬಿದ ಲಾರಿಯೂ ಗೇಟಿನ ಒಳಗೇ ನಿಲ್ಲಬೇಕಾಗುತ್ತದೆ.

ಹೀಗಿದ್ದರೂ ಸಂಪರ್ಕ ಪಡೆಯುವ ವೇಳೆ ಬಹುತೇಕ ಉದ್ದಿಮೆದಾರರು ಕೇಳುವುದು ವೇಗ ಎಷ್ಟು, ಬಾಡಿಗೆ ಎಷ್ಟು ಎಂಬ ಎರಡೇ ಪ್ರಶ್ನೆಗಳನ್ನು. ಇವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಸಂಪರ್ಕವಿಲ್ಲದೆ ತಮ್ಮ ಘಟಕವು ಎಷ್ಟು ಗಂಟೆ ಕೆಲಸ ನಡೆಸಬಲ್ಲದು? ಈ ಪ್ರಶ್ನೆಗೆ ದೊರೆಯುವ ಉತ್ತರದ ಆಧಾರದ ಮೇಲೆ ಸಂಪರ್ಕದ ವಿಧ ಹಾಗೂ ಯೋಜನೆಯನ್ನು ಆಯ್ಕೆ ಮಾಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದಾಗ ಉದ್ದಿಮೆಗಳಿಗೆ ದೂರವಾಣಿ ಮತ್ತು ಟೆಲೆಕ್ಸ್ ಸಂಪರ್ಕಗಳೇ ಆಧಾರವಾಗಿದ್ದವು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ವಿದೇಶದೊಂದಿಗೆ ದತ್ತಾಂಶ ವಿನಿಮಯಕ್ಕಾಗಿ ಉಪಗ್ರಹ ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕಾಯಿತು. 1991ರಲ್ಲಿ ಸ್ಥಾಪನೆಗೊಂಡ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್‌ಗಳ ಸಂಸ್ಥೆಯು (ಎಸ್.ಟಿ.ಪಿ.ಐ.) ಈ ಸೌಲಭ್ಯವನ್ನು ಇತರ ರಫ್ತುದಾರರಿಗೂ ದೊರಕುವಂತೆ ಮಾಡಿತು. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 15ನೇ ಆಗಸ್ಟ್ 1995ರಂದು.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಕನಿಷ್ಠ ವೇಗವುಳ್ಳ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಲಾಗಿತ್ತು. ಈ ಮಿತಿಯನ್ನು 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು. ಇಂದು ಈ ಮೂರೂ ಪ್ರದೇಶಗಳಲ್ಲಿ ಇದಕ್ಕಿಂತ ಹಲವು ಪಟ್ಟು ವೇಗದ ಯೋಜನೆಗಳು ಮಾರಾಟದಲ್ಲಿವೆ. ಆದುದರಿಂದ ವೇಗದ ಕೊರತೆಗಿಂತಲೂ ಸಂಪರ್ಕ ಕಡಿತವೇ ಸಣ್ಣ ಉದ್ದಿಮೆಗಳಿಗೆ ದೊಡ್ಡ ತೊಂದರೆಯಾಗಿ ಪರಿಣಮಿಸಿದೆ.

1. ಅಗತ್ಯದ ಅಂದಾಜು

ಯೋಜನೆಗಳ ದರಪಟ್ಟಿಯನ್ನು ನೋಡುವ ಮುನ್ನ ಘಟಕದಲ್ಲಿ ಅಂತರ್ಜಾಲವನ್ನು ಬಳಸುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಸೂಕ್ತ. ಇ-ವೇ ಬಿಲ್, ಇ-ಇನ್‌ವಾಯ್ಸ್, ಬ್ಯಾಂಕ್ ವ್ಯವಹಾರ ಮತ್ತು ಇ-ಮೇಲ್ ಇವುಗಳಿಗೆ ಅಲ್ಪ ವೇಗ ಸಾಕು. ಆದರೆ ಸಂಪರ್ಕ ಸದಾ ಇರಬೇಕು. ಯಂತ್ರಭಾಗಗಳ ನಕ್ಷೆಗಳನ್ನು ಗ್ರಾಹಕರಿಗೆ ಕಳುಹಿಸಲು, ಲೆಕ್ಕಪತ್ರಗಳ ಪ್ರತಿಯನ್ನು ಹೊರಗಿನ ಸರ್ವರ್‌ನಲ್ಲಿ ಇರಿಸಲು ಮತ್ತು ಕ್ಯಾಮೆರಾ ದೃಶ್ಯಗಳನ್ನು ಹೊರಗಿನಿಂದ ವೀಕ್ಷಿಸಲು ಅಪ್‌ಲೋಡ್ ವೇಗ ಮುಖ್ಯವಾಗುತ್ತದೆ.

ಜಾಹೀರಾತಿನಲ್ಲಿ ಎದ್ದು ಕಾಣುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಅಲ್ಲದೆ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಅಳೆಯಲಾಗುತ್ತದೆ. ಒಂದು ಬೈಟ್‌ಗೆ ಎಂಟು ಬಿಟ್‌ಗಳು. ಈ ಲೆಕ್ಕದಂತೆ 1 ಗಿಗಾಬೈಟ್ ಗಾತ್ರದ ಕಡತವನ್ನು ಕಳುಹಿಸಲು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಸುಮಾರು 13 ನಿಮಿಷಗಳೂ, 100 ಮೆಗಾಬಿಟ್ ವೇಗದಲ್ಲಿ ಸುಮಾರು 80 ಸೆಕೆಂಡುಗಳೂ ಬೇಕಾಗುತ್ತವೆ. ದಿನಕ್ಕೆ ಇಂತಹ ಒಂದೆರಡು ಕಡತಗಳನ್ನು ಮಾತ್ರ ಕಳುಹಿಸುವ ಘಟಕಕ್ಕೆ ದುಬಾರಿ ಯೋಜನೆಯ ಅಗತ್ಯವಿರುವುದಿಲ್ಲ.

ಮಾಸಿಕ ದತ್ತಾಂಶ ಮಿತಿಯನ್ನೂ ಇದೇ ರೀತಿ ಅಂದಾಜು ಮಾಡಬಹುದು. 25 ಜನರ ಕಚೇರಿಯಲ್ಲಿ ಒಬ್ಬೊಬ್ಬರು ದಿನಕ್ಕೆ 2 ಗಿಗಾಬೈಟ್ ಬಳಸಿದಲ್ಲಿ 26 ಕೆಲಸದ ದಿನಗಳಿಗೆ 1,300 ಗಿಗಾಬೈಟ್ ಆಗುತ್ತದೆ. ‘ಅನಿಯಮಿತ’ ಎಂದು ಹೆಸರಿಸಲಾದ ಯೋಜನೆಯಲ್ಲಿಯೂ ನಿಗದಿತ ಮಿತಿಯ ನಂತರ ವೇಗ ಇಳಿಯುವ ಷರತ್ತು ಇರಬಹುದಾದ್ದರಿಂದ, ಮಿತಿ ಎಷ್ಟು ಹಾಗೂ ನಂತರದ ವೇಗ ಎಷ್ಟು ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.

2. ಸಂಪರ್ಕದ ವಿಧಗಳು

ಅ) ತಾಮ್ರದ ತಂತಿಯ ಡಿ.ಎಸ್.ಎಲ್. ಸಂಪರ್ಕ: ದೂರವಾಣಿ ತಂತಿಯ ಮೂಲಕವೇ ದೊರೆಯುವ ಈ ಸಂಪರ್ಕವು ವಿನಿಮಯ ಕೇಂದ್ರದಿಂದ ದೂರ ಹೆಚ್ಚಿದಂತೆ ವೇಗ ಕಳೆದುಕೊಳ್ಳುತ್ತದೆ. ಫೈಬರ್ ಲಭ್ಯವಿರುವ ಕಡೆ ಹೊಸದಾಗಿ ಇದನ್ನು ಪಡೆಯಲು ಕಾರಣವಿಲ್ಲ.

ಆ) ಫೈಬರ್ ಬ್ರಾಡ್‌ಬ್ಯಾಂಡ್: ಸಣ್ಣ ಘಟಕಗಳಿಗೆ ದರ ಮತ್ತು ವೇಗ ಎರಡರಲ್ಲಿಯೂ ಅನುಕೂಲಕರ. ಆದರೆ ಒಂದೇ ಸಾಮರ್ಥ್ಯವನ್ನು ಹಲವು ಚಂದಾದಾರರು ಹಂಚಿಕೊಳ್ಳುವುದರಿಂದ ‘ಇಷ್ಟರವರೆಗೆ’ ಎಂದು ಹೇಳಲಾದ ವೇಗವು ಎಲ್ಲ ವೇಳೆಯಲ್ಲಿಯೂ ದೊರೆಯುವುದಿಲ್ಲ. ದುರಸ್ತಿಗೆ ಕಾಲಮಿತಿಯ ಖಾತರಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಇ) ಲೀಸ್ಡ್ ಲೈನ್: ನಿಗದಿತ ಸಾಮರ್ಥ್ಯವನ್ನು ಒಬ್ಬ ಚಂದಾದಾರನಿಗೇ ಮೀಸಲಿಡಲಾಗುತ್ತದೆ. ಅಪ್‌ಲೋಡ್ ಮತ್ತು ಡೌನ್‌ಲೋಡ್ ವೇಗ ಸಮನಾಗಿರುತ್ತದೆ. ಲಭ್ಯತೆ ಹಾಗೂ ದುರಸ್ತಿಯ ಅವಧಿಯನ್ನು ಒಪ್ಪಂದದಲ್ಲಿ ನಮೂದಿಸಲಾಗುತ್ತದೆ. ಬಾಡಿಗೆ ಫೈಬರ್ ಬ್ರಾಡ್‌ಬ್ಯಾಂಡ್‌ಗಿಂತ ಹಲವು ಪಟ್ಟು ಹೆಚ್ಚು.

ಈ) ನಿಸ್ತಂತು ಸಂಪರ್ಕ: ದೇಶದಲ್ಲಿ 5ಜಿ ಸೇವೆ 1ನೇ ಅಕ್ಟೋಬರ್ 2022ರಂದು ಆರಂಭವಾದ ನಂತರ ಮನೆ ಹಾಗೂ ಕಚೇರಿಗಳಿಗೆ ಅದರ ಮೂಲಕವೇ ಬ್ರಾಡ್‌ಬ್ಯಾಂಡ್ ಒದಗಿಸಲಾಗುತ್ತಿದೆ. ಕೇಬಲ್ ಎಳೆಯುವ ಅಗತ್ಯವಿಲ್ಲದ್ದರಿಂದ ಶೀಘ್ರವಾಗಿ ದೊರೆಯುತ್ತದೆ. ಆದರೆ ತಗಡಿನ ಛಾವಣಿಯ ಷೆಡ್‌ಗಳ ಒಳಗೆ ಸಂಕೇತ ಕುಂದುವುದರಿಂದ ಆಂಟೆನಾವನ್ನು ಹೊರಗೆ ಅಳವಡಿಸಬೇಕಾಗುತ್ತದೆ.

3. ಸ್ಥಳ ಪರಿಶೀಲನೆ

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ತಂತ್ರಜ್ಞಾನ ಪಾರ್ಕ್‌ಗಳ ಒಳಗೆ ಕಟ್ಟಡದ ಆಡಳಿತವು ಅನುಮತಿಸಿದ ಸೇವಾದಾರರ ಕೇಬಲ್‌ಗಳು ಮಾತ್ರ ಇರುವ ಸಾಧ್ಯತೆಯಿದೆ. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ಲಭ್ಯವಿರುವ ಸೇವಾದಾರರ ಪಟ್ಟಿಯನ್ನು ಪಡೆಯುವುದು ಒಳಿತು. ಪೀಣ್ಯದ ಬಿಡಿ ಷೆಡ್‌ಗಳಲ್ಲಿ ಸ್ಥಿತಿ ಬೇರೆ. ಹಿಂದಿನ ರಸ್ತೆಯವರೆಗೆ ಬಂದಿರುವ ಫೈಬರ್ ಮುಂದಿನ ರಸ್ತೆಗೆ ಬಂದಿರಲಿಕ್ಕಿಲ್ಲ. ಸೇವಾದಾರರ ಸಿಬ್ಬಂದಿಯು ಸ್ಥಳಕ್ಕೆ ಬಂದು ನೋಡಿದ ನಂತರವೇ ಮುಂಗಡ ಪಾವತಿಸತಕ್ಕದ್ದು.

ಕೇಬಲ್ ಯಾವ ಮಾರ್ಗವಾಗಿ ಬರುತ್ತದೆ ಎಂಬುದನ್ನು ಪರಿಶೀಲನೆಯ ವೇಳೆ ತಪ್ಪದೆ ಕೇಳಬೇಕು. ಮರ ಹಾಗೂ ವಿದ್ಯುತ್ ಕಂಬಗಳ ಮೇಲೆ ಹಾದುಬರುವ ಕೇಬಲ್‌ಗಳು ಮಳೆಗಾಳಿಗೆ ತುಂಡಾಗುವುದಲ್ಲದೆ ತೆರವು ಕಾರ್ಯಾಚರಣೆಗೂ ಒಳಗಾಗುತ್ತವೆ. 2024ರಲ್ಲಿ ಬೆಸ್ಕಾಂ ತನ್ನ ಕಂಬಗಳ ಮೇಲಿನ ಅನಧಿಕೃತ ಕೇಬಲ್‌ಗಳನ್ನು ತೆರವುಗೊಳಿಸಲು ಕ್ರಮ ಕೈಗೊಂಡಿತ್ತು. ಭೂಗತ ಕೇಬಲ್‌ಗಳಿಗೆ ರಸ್ತೆ ಅಗೆತವೇ ಶತ್ರು. ಆವರಣದಲ್ಲಿ ಚರಂಡಿ ಅಥವಾ ನೀರಿನ ಕೊಳವೆಗಾಗಿ ಅಗೆಯಿಸುವ ಉದ್ದಿಮೆದಾರರು, ಅಗೆಯುವ ಮುನ್ನ ಮಾಹಿತಿ ನೀಡಲೆಂದೇ ಕೇಂದ್ರ ಸರ್ಕಾರವು ಮಾರ್ಚ್ 2023ರಲ್ಲಿ ಆರಂಭಿಸಿದ ‘ಕಾಲ್ ಬಿಫೋರ್ ಯು ಡಿಗ್’ ಮೊಬೈಲ್ ಆ್ಯಪ್‌ನ ಪ್ರಯೋಜನ ಪಡೆಯಬಹುದು.

4. ಲಭ್ಯತೆಯ ಲೆಕ್ಕ

ಒಪ್ಪಂದದಲ್ಲಿ ಶೇಕಡಾ 99 ಲಭ್ಯತೆ ಎಂಬುದನ್ನು ಓದಿದಾಗ ಅದು ಬಹುತೇಕ ಪೂರ್ಣವೆಂದೇ ತೋರುತ್ತದೆ. 30 ದಿನಗಳ ತಿಂಗಳಿನಲ್ಲಿ 720 ಗಂಟೆಗಳಿರುತ್ತವೆ. ಶೇಕಡಾ 99 ಎಂದರೆ ತಿಂಗಳಿಗೆ 7 ಗಂಟೆ 12 ನಿಮಿಷ, ಶೇಕಡಾ 99.5 ಎಂದರೆ 3 ಗಂಟೆ 36 ನಿಮಿಷ, ಶೇಕಡಾ 99.9 ಎಂದರೆ ಸುಮಾರು 43 ನಿಮಿಷ ಸಂಪರ್ಕ ಇಲ್ಲದಿದ್ದರೂ ಸೇವಾದಾರರು ಒಪ್ಪಂದವನ್ನು ಮೀರಿದಂತಾಗುವುದಿಲ್ಲ. ಕಡಿತವು ರಾತ್ರಿಯೇ ಆಗಬೇಕೆಂಬ ನಿಯಮವೂ ಇಲ್ಲ.

ಸಂಪರ್ಕವಿಲ್ಲದ ಒಂದು ಗಂಟೆಯ ನಷ್ಟವನ್ನು ರೂಪಾಯಿಗಳಲ್ಲಿ ಅಂದಾಜು ಮಾಡಿದಲ್ಲಿ ಆಯ್ಕೆ ಸುಲಭವಾಗುತ್ತದೆ. ಕಾದು ಕುಳಿತ ಲಾರಿಯ ಬಾಡಿಗೆ, ಕೆಲಸವಿಲ್ಲದ ಸಿಬ್ಬಂದಿಯ ವೇತನ ಮತ್ತು ತಡವಾದ ಸರಬರಾಜಿಗೆ ಗ್ರಾಹಕರು ಕಡಿತ ಮಾಡುವ ಮೊತ್ತ ಇವುಗಳನ್ನು ಕೂಡಿಸಬೇಕು. ಉದಾಹರಣೆಗೆ, ಈ ನಷ್ಟ ಗಂಟೆಗೆ ರೂ. 2,000 ಎಂದೂ, ತಿಂಗಳಿಗೆ 6 ಗಂಟೆ ಕಡಿತವೆಂದೂ ಭಾವಿಸಿದಲ್ಲಿ ಮಾಸಿಕ ನಷ್ಟ ರೂ. 12,000. ತಿಂಗಳಿಗೆ ರೂ. 1,500 ವೆಚ್ಚದ ಎರಡನೆಯ ಸಂಪರ್ಕವು ಈ ನಷ್ಟದ ಅರ್ಧವನ್ನು ತಪ್ಪಿಸಿದರೂ ಉಳಿತಾಯವೇ ಆಗುತ್ತದೆ. ನಷ್ಟ ಗಂಟೆಗೆ ರೂ. 100 ಮಾತ್ರ ಇರುವ ಘಟಕಕ್ಕೆ ಈ ವೆಚ್ಚ ಅನವಶ್ಯಕ.

5. ಎರಡನೆಯ ಮಾರ್ಗ

ಇಬ್ಬರು ಸೇವಾದಾರರಿಂದ ಎರಡು ಫೈಬರ್ ಸಂಪರ್ಕ ಪಡೆದಿದ್ದರೂ, ಎರಡೂ ಒಂದೇ ಕಂಬದ ಮೇಲೆ ಅಥವಾ ಒಂದೇ ಕಾಲುವೆಯಲ್ಲಿ ಬಂದಿದ್ದಲ್ಲಿ ಜೆ.ಸಿ.ಬಿ. ಯಂತ್ರದ ಒಂದೇ ಹೊಡೆತಕ್ಕೆ ಎರಡೂ ಕಡಿಯುತ್ತವೆ. ಆದ್ದರಿಂದ ಒಂದು ಕೇಬಲ್ ಸಂಪರ್ಕ, ಮತ್ತೊಂದು ನಿಸ್ತಂತು ಸಂಪರ್ಕ ಇರುವಂತೆ ನೋಡಿಕೊಳ್ಳುವುದು ಸಣ್ಣ ಘಟಕಗಳಿಗೆ ಅತ್ಯಂತ ಮಿತವ್ಯಯದ ಕ್ರಮ. ಒಂದು ಕಡಿತಗೊಂಡಾಗ ಮತ್ತೊಂದಕ್ಕೆ ತಾನಾಗಿಯೇ ಬದಲಾಗುವ ರೂಟರ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ.

ವಿದ್ಯುತ್ ನಿಲುಗಡೆಯಾದಾಗ ಮೋಡೆಮ್ ಮತ್ತು ರೂಟರ್ ಸಹ ನಿಲ್ಲುವುದರಿಂದ ಅವುಗಳಿಗೆ ಪ್ರತ್ಯೇಕ ಯು.ಪಿ.ಎಸ್. ಇರಬೇಕು. ಇ-ವೇ ಬಿಲ್ ಹಾಗೂ ಇ-ಇನ್‌ವಾಯ್ಸ್ ಪೋರ್ಟಲ್‌ಗಳಲ್ಲಿ 1ನೇ ಏಪ್ರಿಲ್ 2025ರಿಂದ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿರುವ ಕಾರಣ, ನೋಂದಾಯಿತ ಮೊಬೈಲ್‌ಗೆ ಬರುವ ಓ.ಟಿ.ಪಿ. ಸ್ವೀಕರಿಸಲು ಲೆಕ್ಕಪತ್ರದ ಕೊಠಡಿಯಲ್ಲಿ ಮೊಬೈಲ್ ಸಂಕೇತ ದೊರೆಯುತ್ತದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು.

6. ವೆಚ್ಚ ಮತ್ತು ತೆರಿಗೆ

ಯೋಜನೆಗಳನ್ನು ಮಾಸಿಕ ಬಾಡಿಗೆಯ ಮೇಲೆ ಹೋಲಿಸದೆ ಒಂದು ವರ್ಷದ ಒಟ್ಟು ವೆಚ್ಚದ ಮೇಲೆ ಹೋಲಿಸತಕ್ಕದ್ದು. ಹನ್ನೆರಡು ತಿಂಗಳ ಬಾಡಿಗೆ, ಜೋಡಣಾ ಶುಲ್ಕ, ರೂಟರ್‌ನ ಬೆಲೆ ಹಾಗೂ ಸ್ಥಿರ ಐ.ಪಿ. ವಿಳಾಸದ ಶುಲ್ಕ ಇದರಲ್ಲಿ ಸೇರಬೇಕು. ಘಟಕದ ಸರ್ವರನ್ನು ಹೊರಗಿನಿಂದ ನೇರವಾಗಿ ಬಳಸುವವರಿಗೆ ಮಾತ್ರ ಸ್ಥಿರ ವಿಳಾಸ ಸಾಮಾನ್ಯವಾಗಿ ಬೇಕಾಗುತ್ತದೆ. ದೂರಸಂಪರ್ಕ ಸೇವೆಗಳ ಮೇಲೆ ಶೇಕಡಾ 18 ಜಿ.ಎಸ್.ಟಿ. ಇದೆ. ನೋಂದಾಯಿತ ಉದ್ದಿಮೆಯು ತನ್ನ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿದಲ್ಲಿ ಈ ಮೊತ್ತಕ್ಕೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಮಾಲೀಕರ ಸ್ವಂತ ಹೆಸರಿನಲ್ಲಿ ಗೃಹ ಯೋಜನೆ ಪಡೆದು ಕಾರ್ಖಾನೆಯಲ್ಲಿ ಬಳಸುವವರು ಈ ಜಮೆಯನ್ನು ಕಳೆದುಕೊಳ್ಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಲಭ್ಯವಿಲ್ಲ.

7. ಒಪ್ಪಂದಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಅ) ದುರಸ್ತಿಯ ಕಾಲಮಿತಿ, ಹಾಗೂ ಅದು ದೂರು ದಾಖಲಾದ ಕ್ಷಣದಿಂದ ಆರಂಭವಾಗುತ್ತದೆಯೇ ಎಂಬುದು.
ಆ) ಭಾನುವಾರ ಮತ್ತು ರಾತ್ರಿ ಪಾಳಿಯಲ್ಲಿ ದುರಸ್ತಿ ಸಿಬ್ಬಂದಿ ಲಭ್ಯರಿರುವರೇ ಎಂಬುದು.
ಇ) ಲಭ್ಯತೆ ಕುಸಿದಲ್ಲಿ ಬಾಡಿಗೆಯಲ್ಲಿ ಕಡಿತ ಎಷ್ಟು, ಅದು ತಾನಾಗಿ ಆಗುತ್ತದೆಯೇ ಅಥವಾ ಅರ್ಜಿ ಸಲ್ಲಿಸಬೇಕೇ ಎಂಬುದು.
ಈ) ಅವಧಿಗೆ ಮುನ್ನ ಸಂಪರ್ಕ ಬಿಟ್ಟಲ್ಲಿ ಅಥವಾ ಷೆಡ್ ಸ್ಥಳಾಂತರಿಸಿದಲ್ಲಿ ತೆರಬೇಕಾದ ಶುಲ್ಕ.

ಒಂದು ಸಂಪರ್ಕವನ್ನು ಪಡೆದು ತಂತಿ ಎಳೆದು ಪಕ್ಕದ ಷೆಡ್‌ಗಳಿಗೆ ಹಣಕ್ಕೆ ಹಂಚುವುದು ಪರವಾನಗಿ ಇಲ್ಲದೆ ಸೇವೆ ಮಾರಿದಂತಾಗುತ್ತದೆ. ಆ ಸಂಪರ್ಕದಿಂದ ಯಾರೇ ಅಪರಾಧ ಎಸಗಿದರೂ ತನಿಖೆಯು ಮೊದಲು ಚಂದಾದಾರರ ಬಾಗಿಲಿಗೇ ಬರುತ್ತದೆ.

8. ದೂರು ಮತ್ತು ಪರಿಹಾರ

ಬ್ರಾಡ್‌ಬ್ಯಾಂಡ್ ಚಂದಾದಾರರು ಮೊದಲು ಸೇವಾದಾರರ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ನಿಯಮಗಳನ್ವಯ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಅವಕಾಶವಿದೆ. ಟ್ರಾಯ್ ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲ. ಲೀಸ್ಡ್ ಲೈನ್‌ಗೆ ಸಂಬಂಧಿಸಿದಂತೆ ಸಹಿ ಮಾಡಿದ ಒಪ್ಪಂದವೇ ಮುಖ್ಯ ಆಧಾರ. ಸಂಪರ್ಕ ಕಡಿತದ ದಿನಾಂಕ, ವೇಳೆ, ದೂರಿನ ಸಂಖ್ಯೆ ಹಾಗೂ ಪುನಃ ಆರಂಭವಾದ ವೇಳೆಯನ್ನು ಒಂದು ಪುಸ್ತಕದಲ್ಲಿ ದಾಖಲಿಸುತ್ತಾ ಬಂದಲ್ಲಿ ಬಾಡಿಗೆ ಕಡಿತ ಕೋರಲು ಅದು ನೆರವಾಗುತ್ತದೆ. ವರ್ಷಾಂತ್ಯದಲ್ಲಿ ಸೇವಾದಾರರನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲೂ ಅದೇ ಪುಸ್ತಕ ಸಾಕು.

ಮೇಲ್ಕಂಡ ಅಂಶಗಳನ್ನು ಪರಿಗಣಿಸಿ, ಉದ್ದಿಮೆದಾರರು ತಮ್ಮ ಘಟಕದ ಒಂದು ಗಂಟೆಯ ನಷ್ಟವನ್ನು ಮೊದಲು ಲೆಕ್ಕ ಹಾಕಿ, ತದನಂತರ ಯೋಜನೆಯನ್ನು ಆಯ್ಕೆ ಮಾಡಿಕೊಳ್ಳುವುದು ಸೂಕ್ತ.