ಅಂಕಗಳು ಬೇಕು, ಅಂಕಗಳೇ ಸಾಕೆ?

ಮೇ ತಿಂಗಳು ಬಂದಿತೆಂದರೆ ನಮ್ಮ ಕಾರ್ಯಾಲಯಕ್ಕೆ ಮಕ್ಕಳ ಭಾವಚಿತ್ರಗಳು ಬರತೊಡಗುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಅಂಕ ಪಡೆದ ಸಮಾಜದ ವಿದ್ಯಾರ್ಥಿಗಳ ಚಿತ್ರಗಳನ್ನು ಪ್ರಕಟಿಸಿ, ಶ್ರಾವಣ ಮಾಸದಲ್ಲಿ ಪ್ರತಿಭಾ ಪುರಸ್ಕಾರ ನೀಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಈ ಬಾರಿ ರಾಜಗೋಪಾಲನಗರದ ತಾಯಿಯೊಬ್ಬರು ಮಗನ ಭಾವಚಿತ್ರ ಹಿಡಿದು ತಾವೇ ಬಂದರು. ಅಂಕಪಟ್ಟಿಯಲ್ಲಿ 625ಕ್ಕೆ 371 ಇದ್ದಿತು. ನಾವು ನಿಯಮವನ್ನು ತಿಳಿಸಿದೆವು. ಆಕೆ ಚಿತ್ರವನ್ನು ಚೀಲಕ್ಕೆ ಸೇರಿಸುತ್ತ, "ಫಲಿತಾಂಶ ಬಂದ ದಿನದಿಂದ ಅವರಪ್ಪ ಅವನ ಸಂಗಡ ಮಾತು ಬಿಟ್ಟಿದ್ದಾರೆ ಸ್ವಾಮಿ. ಪತ್ರಿಕೆಯಲ್ಲಿ ಬಂದರಾದರೂ ಮಾತಾಡ್ತಾರೇನೋ ಅಂತ ಬಂದೆ" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ.

ಅಂಕಗಳಿಗೆ ಬೆಲೆಯೇ ಇಲ್ಲವೆಂದು ಹೇಳುವುದು ಸುಲಭ. ಆದರೆ ಅದು ಸುಳ್ಳು. ಎಂಜಿನಿಯರಿಂಗ್ ಸೀಟಿನ ಸಿ.ಇ.ಟಿ. ಶ್ರೇಯಾಂಕದಲ್ಲಿ ದ್ವಿತೀಯ ಪಿ.ಯು. ಅಂಕಗಳಿಗೆ ಅರ್ಧ ಪಾಲಿದೆ. ಬಾಡಿಗೆ ಮನೆಯಲ್ಲಿ ಬಾಳುವ ಕುಟುಂಬಕ್ಕೆ ವಿದ್ಯಾರ್ಥಿವೇತನ ದೊರೆಯುವುದೂ ಬಹುಮಟ್ಟಿಗೆ ಅಂಕಗಳಿಂದಲೇ. ಅಂಕವು ಬಾಗಿಲನ್ನು ತೆರೆಯುತ್ತದೆ. ಬಾಗಿಲು ದಾಟಿದ ಮೇಲೆ ಮೂವತ್ತು ವರ್ಷ ನಡೆಸುವ ಶಕ್ತಿ ಯಾವುದು ಎಂಬುದು ಬೇರೆಯ ಪ್ರಶ್ನೆ.

ಆ ತಾಯಿಯನ್ನು ಕೂರಿಸಿ ವಿಚಾರಿಸಿದೆವು. ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್. ಹುಡುಗ ರಜೆಯಲ್ಲಿ ಸೋದರಮಾವನ ಲೇತ್ ಶೆಡ್ಡಿಗೆ ಹೋಗಿ ನೋಡುತ್ತ ನಿಲ್ಲುತ್ತಾನಂತೆ. ಊಟಕ್ಕೆ ಕರೆದರೂ ಬಾರನಂತೆ. ಯಂತ್ರದ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆಯೆಂದು ಹೇಳುತ್ತಾನಂತೆ. ಮಿಲಿಮೀಟರಿನ ನೂರನೆಯ ಒಂದು ಭಾಗ ತಪ್ಪಿದರೂ ಜಾಬ್ ತಿರಸ್ಕೃತವಾಗುವ ಉದ್ಯೋಗದಲ್ಲಿ ಈ ಕಿವಿ ಸಾಮಾನ್ಯವಲ್ಲ. ಅವನಿಗೆ ರಾಜಾಜಿನಗರ ಕೈಗಾರಿಕಾ ವಸಾಹತುವಿನ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವನ್ನು ಸೇರುವ ಆಸೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಎಸ್.ಎಸ್.ಎಲ್.ಸಿ. ಆದವರಿಗೆ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ಇದೆ. ತಂದೆಗೆ ಮಾತ್ರ ಮಗ ವಿಜ್ಞಾನ ಓದಬೇಕು, ತನ್ನಂತೆ ಕೈಗೆ ಎಣ್ಣೆ ಅಂಟಿಸಿಕೊಳ್ಳಬಾರದು. ಆ ತಂದೆಯ ನೋವನ್ನೂ ನಾವು ಹಗುರವಾಗಿ ಕಾಣಲಾರೆವು.

ಬಹುಮಾನ ಕೊಡುವ ನಮ್ಮಂಥವರು ತಿಳಿಯಬೇಕಾದ ಪ್ರಯೋಗವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಅದನ್ನು ಪ್ರಕಟಿಸಿದರು. ಚಿತ್ರ ಬರೆಯುವುದನ್ನು ತಾವಾಗಿಯೇ ಪ್ರೀತಿಸುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಕೊಟ್ಟದ್ದೂ ಆಯಿತು. ಒಂದೆರಡು ವಾರಗಳ ಬಳಿಕ ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುವ ಕಾಲ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂಚೆ ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳ ಉತ್ಸಾಹ ಮಾತ್ರ ಕುಂದಿರಲಿಲ್ಲ. ಅಂದರೆ ಬಹುಮಾನಕ್ಕಿಂತ ಬಹುಮಾನದ ಆಮಿಷವೇ ಕೆಡುಕು ಮಾಡಿತು. ಇದನ್ನು ಓದಿದಾಗ ನಮ್ಮ ಪುರಸ್ಕಾರ ಸಮಾರಂಭದ ಆಹ್ವಾನಪತ್ರಿಕೆ ನೆನಪಾಗದೆ ಇರಲಿಲ್ಲ!

ನಮ್ಮಲ್ಲಿಯೇ ನೋಡೋಣ. ಡಾ. ಫ. ಗು. ಹಳಕಟ್ಟಿಯವರು ಕಾನೂನು ಪದವೀಧರರು, ವಿಜಯಪುರದಲ್ಲಿ ವಕೀಲರು. ಪರೀಕ್ಷೆಗಳು ಅವರಿಗೆ ಕರಿಯ ಕೋಟನ್ನು ಕೊಟ್ಟವು, ನಿಜ. ಆದರೆ ತಾಳೆಗರಿಯ ಕಟ್ಟುಗಳಿಗಾಗಿ ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದು, ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದಾಗ ಅವರಿಗೆ ಅಂಕ ಕೊಡುವವರು ಯಾರಿದ್ದರು? ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು 1956ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಕಾಯಕವೆಂಬ ಮಾತನ್ನು ನಾವು ವೇದಿಕೆಯಲ್ಲಿ ಬಹಳ ಬಳಸುತ್ತೇವೆ. ಮಕ್ಕಳ ಅಂಕಪಟ್ಟಿ ಕೈಗೆ ಬಂದ ದಿನ ಅದು ನೆನಪಾಗುವುದು ಕಡಿಮೆ.

ಸಂಪಾದಕ ಮಂಡಳಿಯಲ್ಲಿ ಈ ವಿಷಯ ಚರ್ಚೆಗೆ ಬಂದಿತು. ಹಿರಿಯರೊಬ್ಬರು, ಶ್ರಮಪಟ್ಟು ಅಂಕ ಪಡೆದವರಿಗೆ ಅನ್ಯಾಯವಾಗಬಾರದೆಂದರು; ಆ ಮಾತು ಸರಿಯಾದುದೇ. ಆದ್ದರಿಂದ ಎಂದಿನ ಪುಟ ಉಳಿಯುತ್ತದೆ. ಮುಂದಿನ ಸಂಚಿಕೆಯಿಂದ ಇನ್ನೊಂದು ಪುಟ ಸೇರುತ್ತದೆ. ಅದಕ್ಕೆ ಅಂಕಪಟ್ಟಿ ಬೇಡ, ಬಹುಮಾನವೂ ಇಲ್ಲ. ಯಾರೂ ಹೇಳದೆ ನಿಮ್ಮ ಮಗು ಯಾವ ಕೆಲಸದಲ್ಲಿ ಊಟ ಮರೆಯುತ್ತದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿರಿ. ಸಾಧ್ಯವಾದರೆ ತಂದೆಯವರೇ ಬರೆಯಲಿ.

ರಾಜಗೋಪಾಲನಗರದ ಆ ಮನೆಗೆ ಪತ್ರ ಹಾಕಿದ್ದೇವೆ. ಪತ್ರದ ಮೇಲೆ ತಂದೆಯ ಹೆಸರನ್ನೇ ಬರೆದಿದ್ದೇವೆ.