ಆರಾಧನೆಯ ಅಧಿಕಾರ: ಸಂಗೀತಗಾರರ ಮರಣಸ್ಮರಣೆ ಮತ್ತು ಬೆಂಗಳೂರು ನಾಗರತ್ನಮ್ಮ

ದಕ್ಷಿಣಾದಿ ಸಂಗೀತದ ಪಂಚಾಂಗದಲ್ಲಿ ಜನ್ಮದಿನಗಳಿಗಿಂತ ಪುಣ್ಯದಿನಗಳಿಗೆ ಮನ್ನಣೆ ಹೆಚ್ಚು. ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ. ಅದಾದ ಹತ್ತು ದಿನಗಳಿಗೆ, ಪುಷ್ಯ ಅಮಾವಾಸ್ಯೆಯಂದು, ಪುರಂದರದಾಸರದು. ಮೊದಲನೆಯದು 1847ರ ಜನವರಿ 6ರಂದು ಕಾವೇರಿತೀರದ ತಿರುವೈಯಾರಿನಲ್ಲಿ ಸಂಭವಿಸಿದ ಮರಣದ ನೆನಪು. ಎರಡನೆಯದು ಹಂಪೆಗೆ ಸೇರಿದ್ದು. ಪರಂಪರೆ ಅದನ್ನು ರಕ್ತಾಕ್ಷಿ ಸಂವತ್ಸರಕ್ಕೆ, ಎಂದರೆ 1564ಕ್ಕೆ, ಹೊಂದಿಸುತ್ತದೆ. ಹೊಸೂರು, ಕೃಷ್ಣಗಿರಿಗಳಂತಹ ಗಡಿಸೀಮೆಯಲ್ಲಿ ಸಂಗೀತ ಕಲಿಯುವ ಮಗು ಪುರಂದರದಾಸರ ಹೆಸರಿನಲ್ಲಿರುವ ಆರಂಭಿಕ ಪಾಠಗಳಿಂದ ಹೊರಟು ತ್ಯಾಗರಾಜರ ತೆಲುಗು ಕೃತಿಗಳನ್ನು ತಲಪುವುದು ಸಾಮಾನ್ಯ. ಆ ಮಗುವಿಗೆ ಈ ಇಬ್ಬರ ಜನ್ಮದಿನಗಳು ತಿಳಿದಿರಲಾರವು. ಮರಣತಿಥಿಗಳು ಮಾತ್ರ ವರ್ಷವರ್ಷವೂ ಎದುರಾಗುತ್ತವೆ.

ಇದಕ್ಕೆ ಕಾರಣ ಸಂಗೀತದಲ್ಲಿಲ್ಲ, ಅಂತ್ಯವಿಧಿಯಲ್ಲಿದೆ. ಸಂನ್ಯಾಸಿಯ ದೇಹವನ್ನು ಸಾಮಾನ್ಯವಾಗಿ ದಹಿಸುವುದಿಲ್ಲ. ಭೂಮಿಯಲ್ಲಿಟ್ಟು ಮೇಲೆ ಬೃಂದಾವನವನ್ನೋ ಗದ್ದುಗೆಯನ್ನೋ ನಿಲ್ಲಿಸುತ್ತಾರೆ. ಗೃಹಸ್ಥನಿಗೆ ಮಗ ಮಾಡುವ ಶ್ರಾದ್ಧ ಸಂನ್ಯಾಸಿಗಿಲ್ಲ. ಅದರ ಸ್ಥಾನದಲ್ಲಿ ಶಿಷ್ಯವರ್ಗ ನಡೆಸುವ ಆರಾಧನೆ ಬರುತ್ತದೆ. ತಮಿಳುನಾಡಿನ ಭುವನಗಿರಿಯಲ್ಲಿ ವೈಣಿಕರ ಮನೆತನದಲ್ಲಿ ಹುಟ್ಟಿ, 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳ ಆರಾಧನೆ ಇದರ ಅತಿ ಪರಿಚಿತ ರೂಪ. ತ್ಯಾಗರಾಜರು ಬಾಳಿನುದ್ದಕ್ಕೂ ಗೃಹಸ್ಥರು. ಆದರೆ ಮರಣಕ್ಕೆ ಸ್ವಲ್ಪವೇ ಮುಂಚೆ ಸಂನ್ಯಾಸ ಸ್ವೀಕರಿಸಿದರು. ಆದುದರಿಂದಲೇ ಅವರಿಗೊಂದು ಸಮಾಧಿ ದೊರೆಯಿತು, ಸಮಾಧಿ ಇದ್ದುದರಿಂದ ಆರಾಧನೆಗೊಂದು ನೆಲೆ ಒದಗಿತು. ಪುರಂದರದಾಸರು ಸಂನ್ಯಾಸಿಗಳಲ್ಲ, ದಾಸರು. ಅವರ ಪುಣ್ಯದಿನಕ್ಕೂ ಅದೇ ಪದ ಸಂದಿರುವುದು ಅರ್ಥವಿಸ್ತಾರ, ಒಪ್ಪತಕ್ಕದ್ದೇ.

ಇಂತಹ ವ್ಯವಸ್ಥೆಯಲ್ಲಿ ಎಲ್ಲರ ಮರಣಕ್ಕೂ ಸ್ಥಾನವಿರುವುದಿಲ್ಲ. ವಾಗ್ಗೇಯಕಾರನಿಗೆ ತಿಥಿಯುಂಟು, ಅವನ ಕೃತಿಗಳನ್ನು ಹಾಡಿ ಉಳಿಸಿದವರಿಗೆ, ಅದರಲ್ಲಿಯೂ ದೇವದಾಸಿ ಮನೆತನಗಳ ಗಾಯಕಿಯರಿಗೆ, ಬಹುಮಟ್ಟಿಗೆ ಇಲ್ಲ. ಬೆಂಗಳೂರು ನಾಗರತ್ನಮ್ಮನವರ ಬಾಳು ಈ ಕಟ್ಟಳೆಯನ್ನು ಒಳಗಿನಿಂದ ಬದಲಿಸಿದ ಪ್ರಯತ್ನವಾಗಿ ಕಾಣುತ್ತದೆ.

1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮ ಮೈಸೂರಿನಲ್ಲಿ ಸಂಸ್ಕೃತವನ್ನು ಅಭ್ಯಾಸ ಮಾಡಿ, ಬೆಂಗಳೂರಿನಲ್ಲಿ ಹೆಸರು ಗಳಿಸಿ, ಮದರಾಸಿನಲ್ಲಿ ನೆಲೆ ನಿಂತರು. ಊರಿನ ಹೆಸರನ್ನು ಕಲಾವಿದರ ಹೆಸರಿಗೆ ಮುಂದಿಡುವ ರೂಢಿ ನಂಜನಗೂಡನ್ನು ಬಿಟ್ಟು ಬೆಂಗಳೂರನ್ನು ಉಳಿಸಿಕೊಂಡಿತು. ತಮಿಳಿನ ಗೌರವಪ್ರತ್ಯಯ ಸೇರಿ ಅಲ್ಲಿ ಅವರು ‘ನಾಗರತ್ನಮ್ಮಾಳ್’ ಆದರು. ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಅವರು ಸಂಪಾದಿಸಿ 1910ರಲ್ಲಿ ಪ್ರಕಟಿಸಿದಾಗ ಅಶ್ಲೀಲವೆಂಬ ಆಪಾದನೆ ಎದ್ದಿತು, ಸರ್ಕಾರ ಗ್ರಂಥವನ್ನು ನಿಷೇಧಿಸಿತು. ನಿಷೇಧ ತೆರವಾದುದು 1947ರಲ್ಲಿ. ಕನ್ನಡತಿಯೊಬ್ಬಳು ತಮಿಳುನಾಡಿನಲ್ಲಿ ಕುಳಿತು ತೆಲುಗು ಕವಯಿತ್ರಿಯನ್ನು ಮರೆವಿನಿಂದ ಎತ್ತಿದ ಈ ಪ್ರಸಂಗ ತೌಲನಿಕ ಸಾಹಿತ್ಯದ ಚರ್ಚೆಗಳಲ್ಲಿ ಸ್ತ್ರೀವಾದದ ಅಧ್ಯಾಯವಾಗಿ ಬಂದಿದೆಯೇ ಹೊರತು ಕನ್ನಡದ ಪ್ರಸಂಗವಾಗಿ ಹೆಚ್ಚು ಬಂದಿಲ್ಲ.

ತ್ಯಾಗರಾಜರ ಸಮಾಧಿ ಹಾಳು ಸುರಿಯುತ್ತಿರುವುದನ್ನು ಅವರಿಗೆ ಪತ್ರ ಬರೆದು ತಿಳಿಸಿದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ನಾಗರತ್ನಮ್ಮ ಸುತ್ತಲಿನ ನೆಲವನ್ನು ಕೊಂಡರು, ಒಡವೆಗಳನ್ನು ಮಾರಿದರು. 1921ರಲ್ಲಿ ಕೆಲಸ ತೊಡಗಿ 1925ರಲ್ಲಿ ಗುಡಿಯ ಪ್ರತಿಷ್ಠೆ ನೆರವೇರಿತು. ಆದರೆ ಗುಡಿ ಕಟ್ಟಿಸಿದವರಿಗೆ ಆ ಗುಡಿಯ ಮುಂದೆ ಹಾಡುವ ಹಕ್ಕಿರಲಿಲ್ಲ. ಆರಾಧನೆ ಅಷ್ಟರಲ್ಲಿ ಪೆರಿಯ ಕಚ್ಚಿ, ಚಿನ್ನ ಕಚ್ಚಿ ಎಂದು ಎರಡು ಪಂಗಡಗಳಾಗಿ ಒಡೆದಿತ್ತು. ಪಂಗಡಗಳು ಪರಸ್ಪರ ಎಷ್ಟೇ ಕಾದಾಡಲಿ, ಸ್ತ್ರೀಯರು ಹಾಡಕೂಡದೆಂಬ ವಿಷಯದಲ್ಲಿ ಅವುಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. 1927ರಲ್ಲಿ ನಾಗರತ್ನಮ್ಮ ಸ್ತ್ರೀಯರದೇ ಮೂರನೆಯ ಪಂಗಡವನ್ನು ಕಟ್ಟಿ ಗುಡಿಯ ಹಿಂಭಾಗದಲ್ಲಿ ಹಾಡಿಸಿದರು. ಬಹಿಷ್ಕಾರಕ್ಕೆ ಬಹಿಷ್ಕಾರದ ಉತ್ತರವನ್ನು ಅವರು ಕೊಡಲಿಲ್ಲವೆಂಬುದು ಗಮನಾರ್ಹ: ನೆಲ ಅವರದಾಗಿದ್ದರೂ ಬಾಗಿಲು ಮುಚ್ಚುವ ಬದಲು ಇನ್ನೊಂದು ಗೋಷ್ಠಿಯನ್ನು ಸೇರಿಸಿದರು. 1940ರ ಹೊತ್ತಿಗೆ ರಾಜಿಯಾಗಿ, 1941ರಿಂದ ಆರಾಧನೆ ಒಂದಾಗಿ ನಡೆಯತೊಡಗಿತು. ಸ್ತ್ರೀಯರಿಗೂ ಅವಕಾಶ ದೊರೆಯಿತು. ಇಂದು ಆಕಾಶವಾಣಿ, ದೂರದರ್ಶನಗಳಲ್ಲಿ ಕೇಳಿಬರುವ ಪಂಚರತ್ನ ಕೃತಿಗಳ ಸಾಮೂಹಿಕ ಗಾಯನ ಪ್ರಾಚೀನ ಆಚಾರವೆಂದು ಹಲವರು ಭಾವಿಸಿದ್ದಾರೆ. ಅದು ಈ ರಾಜಿಯ ಕಾಲದಲ್ಲಿ ನೆಲೆಗೊಂಡ ಪದ್ಧತಿ.

1952ರ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಇದೆ. ಅಲ್ಲಿರುವ ಅವರ ಪ್ರತಿಮೆ ಗುಡಿಗೆ ಅಭಿಮುಖವಾಗಿ ಕುಳಿತಿದೆ. ಸಂನ್ಯಾಸವೂ ಇಲ್ಲದ, ಪೀಠವೂ ಇಲ್ಲದ, ಸಂಗೀತವನ್ನೇ ವೃತ್ತಿ ಮಾಡಿಕೊಂಡ ಹೆಣ್ಣಿಗೆ ದೊರೆತ ಈ ಸ್ಥಳ ಆರಾಧನೆಯ ತರ್ಕಕ್ಕೆ ಸುಲಭವಾಗಿ ಒಗ್ಗುವಂತಹುದಲ್ಲ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಗಡಿಯನ್ನು ಇಳಿದು, ತಿರುವೈಯಾರಿನ ಬದಿಯಲ್ಲಿ ಹರಿಯುತ್ತದೆ. ಹುಟ್ಟಿದೂರಿಗೂ ಮಣ್ಣಾದೂರಿಗೂ ಒಂದೇ ನೀರು.

ಅದೇ ಮದರಾಸಿನಲ್ಲಿ, 1961ರ ಮೇ 17ರಂದು, ಮೈಸೂರು ವಾಸುದೇವಾಚಾರ್ಯರು ನಿಧನರಾದರು. ಅರಮನೆಯ ವಿದ್ವಾಂಸರಾಗಿದ್ದ ಆಚಾರ್ಯರು ಇಳಿವಯಸ್ಸಿನಲ್ಲಿ ರುಕ್ಮಿಣಿದೇವಿಯವರ ಕಲಾಕ್ಷೇತ್ರಕ್ಕೆ ತೆರಳಿ ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ರಚಿಸುತ್ತಿದ್ದರು. ಉಳಿದ ಭಾಗವನ್ನು ಮೊಮ್ಮಗ ಎಸ್. ರಾಜಾರಾಮ್ ಪೂರೈಸಿದರು. ಮರಣಸ್ಮರಣೆಯ ಮಟ್ಟಿಗೆ ಆಚಾರ್ಯರ ಮುಖ್ಯ ಕೊಡುಗೆ ‘ನಾ ಕಂಡ ಕಲಾವಿದರು’ ಎಂಬ ಕನ್ನಡ ಗ್ರಂಥ. ಗತಿಸಿದ ವಿದ್ವಾಂಸರನ್ನು ತಿಥಿಯಿಂದಲ್ಲ, ಗುಣದೋಷಗಳ ಚಿತ್ರಣದಿಂದ ಉಳಿಸಿಕೊಳ್ಳುವ ಗದ್ಯ ಅದರಲ್ಲಿದೆ. 1967ರ ಜನವರಿ 19ರಂದು ಅಗಲಿದ ಟಿ. ಚೌಡಯ್ಯನವರಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದಿತು. ನೋಡುಗರನ್ನು ಬೆರಗುಗೊಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಲಾವಿದನ ಬಗ್ಗೆ ಆಚಾರ್ಯರ ಒಂದು ಪುಟ ತಿಳಿಸುವಷ್ಟನ್ನು ಕಟ್ಟಡ ತಿಳಿಸಲಾರದು.

ನಾಗರತ್ನಮ್ಮ ನೆಚ್ಚಿದ್ದು ಗದ್ಯವನ್ನೂ ಅಲ್ಲ, ಕಟ್ಟಡವನ್ನಷ್ಟೇ ಅಲ್ಲ, ಉಯಿಲನ್ನು. ರಾಜಿ ವ್ಯಕ್ತಿಗಳ ನಡುವಿನದು, ವ್ಯಕ್ತಿಗಳೊಡನೆ ಅಳಿಯಬಹುದಾದುದು; ಉಯಿಲು ಬರೆದವರ ಮರಣದಿಂದಲೇ ಜಾರಿಗೆ ಬರುವ ಪತ್ರ. ತಮ್ಮ ಆಸ್ತಿಯನ್ನು ತ್ಯಾಗರಾಜರ ಸನ್ನಿಧಿಯ ಸೇವೆಗೆ ಮೀಸಲಿಟ್ಟ ಅವರು, ದೇವದಾಸಿ ಮನೆತನದವರೂ ಸೇರಿದಂತೆ ಸ್ತ್ರೀಯರಿಗೆ ಅಲ್ಲಿ ಸೇವೆ ಸಲ್ಲಿಸಲು ಅವಕಾಶವಿರಬೇಕೆಂಬ ಷರತ್ತನ್ನು ಅದರಲ್ಲಿಯೇ ಬರೆಸಿದರು.